ಗುರುಪುತ್ರಪ್ಪನವರ ಹಿಂಗಾವಲು

ಟಿಳಕವಾಡಿಯ ಸೈಕಲ್ ಬಳಗದಲ್ಲಿ ಎಲ್ಲರಿಗಿಂತ ಹಿಂದೆ ಉಳಿಯುವುದೂ ಒಂದು ಹುದ್ದೆ. ಬೇರೆ ಕಡೆ ಹಿಂದೆ ಬಿದ್ದವರನ್ನು ಹಿಂದೆ ಬಿದ್ದವರು ಅಂತಲೇ ಕರೆಯುತ್ತಾರೆ, ನಾಲ್ಕು ದಿನ ಆಡಿಕೊಂಡು ಆಮೇಲೆ ಮರೆತೂ ಬಿಡುತ್ತಾರೆ. ಇಲ್ಲಿ ಮಾತ್ರ ಅದಕ್ಕೊಂದು ಹೆಸರು, ಬೆನ್ನಿಗೊಂದು ಚೀಲ, ಫೋಟೋ ತೆಗೆಯುವಾಗ ನಟ್ಟನಡುವಿನ ಜಾಗ. ಆ ಹುದ್ದೆಯನ್ನು ಗುರುಪುತ್ರಪ್ಪನವರು ಮೂರು ವರ್ಷದಿಂದ ಅಲಂಕರಿಸಿದ್ದರು.

ಹುದ್ದೆ ಹುಟ್ಟಿದ ಕತೆ ಹೀಗೆ. ಪ್ರತಿ ರವಿವಾರ ಬೆಳಗಾಗುತ್ತಲೇ ಹತ್ತು ಹದಿನೈದು ಜನ ಮೊದಲನೇ ರೈಲ್ವೆ ಗೇಟಿನ ಹತ್ತಿರ ಸೇರಿ ಖಾನಾಪುರದ ಕಡೆಯ ಗುಡ್ಡಗಳಿಗೆ ಸೈಕಲ್ ತುಳಿಯುತ್ತಾರೆ. ಗುಂಪಿನಲ್ಲಿ ಯಾರನ್ನೂ ದಾರಿಯಲ್ಲಿ ಬಿಟ್ಟು ಹೋಗಬಾರದು ಎಂಬುದು ಬಳಗದ ನಿಯಮ. ಬಹಳ ಉದಾತ್ತ ನಿಯಮ, ವಾಟ್ಸಾಪ್ ಗುಂಪಿನ ನೆತ್ತಿಯ ಮೇಲೆ ಕೈಮುಗಿದ ಚಿತ್ರದ ಜೊತೆ ಹಾಕಿಟ್ಟಿದ್ದಾರೆ. ಆದರೆ ಮುಂದೆ ಹೋಗುವ ಗಂಡುಗಲಿಗಳಿಗೆ ಹಿಂದಿನವರಿಗಾಗಿ ಕಾಯುವ ವ್ಯವಧಾನವಿಲ್ಲ. ಅದಕ್ಕೆ ಒಬ್ಬರನ್ನು ಕಟ್ಟಕಡೆಗೆ ಇಡುತ್ತಾರೆ. ಯಾರು ಎಲ್ಲರಿಗಿಂತ ನಿಧಾನವೋ ಅವರ ಹಿಂದೆ ಇನ್ನೂ ನಿಧಾನವಾಗಿ ಬರುವುದು, ಟೈರು ಪಂಕ್ಚರ್ ಆದರೆ ಪಂಪು ಕೊಡುವುದು, ಬಿದ್ದರೆ ಪಟ್ಟಿ ಕಟ್ಟುವುದು ಆ ಒಬ್ಬರ ಕೆಲಸ. ಎಲ್ಲ ಊರಿನ ಸೈಕಲ್ ಗುಂಪುಗಳಲ್ಲೂ ಅವರನ್ನು ಸ್ವೀಪ್ ಎನ್ನುತ್ತಾರೆ. ಗುರುಪುತ್ರಪ್ಪನವರಿಗೆ ಆ ಹೆಸರು ಹಿಡಿಸಲಿಲ್ಲ. 'ಹಿಂಗಾವಲು' ಎಂದು ತಾವೇ ಕನ್ನಡ ಮಾಡಿ, ಕಿತ್ತಳೆ ಬಣ್ಣದ ಅಂಗಿಯ ಬೆನ್ನಿಗೆ ದೊಡ್ಡಕ್ಷರದಲ್ಲಿ ಬರೆಸಿಕೊಂಡರು. ಸೈನ್ಯದ ಮಾತು ನೋಡಿ. ಕೇಳಿದರೇ ಎದೆ ಒಂದಿಷ್ಟು ಮುಂದೆ ಬರುತ್ತದೆ, ಹೊಟ್ಟೆ ಒಳಗೆ ಹೋಗದಿದ್ದರೂ.

ಇನ್ನು ಒಳಗಿನ ಸಂಗತಿ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ? ಗುರುಪುತ್ರಪ್ಪನವರಿಗೆ ಅದಕ್ಕಿಂತ ವೇಗವಾಗಿ ಹೋಗಲು ಬರುತ್ತಿರಲಿಲ್ಲ. ಸಪಾಟು ರಸ್ತೆಯಲ್ಲಿ ಹೇಗೋ ನಡೆಯುತ್ತಿತ್ತು. ಪೀರನವಾಡಿ ದಾಟಿ ನೆಲ ಸ್ವಲ್ಪ ತಲೆ ಎತ್ತಿತೋ ಇಲ್ಲವೋ, ಇವರ ಉಸಿರು ಹಳೇ ಹಾರ್ಮೋನಿಯಮ್ಮಿನ ತಿದಿಯಂತೆ ಸದ್ದು ಮಾಡತೊಡಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ 'ನಮ್ಮ ಕೈಲಾಗುವುದಿಲ್ಲ' ಎಂದು ಹೇಳಿ ಮನೆಯಲ್ಲಿ ಕೂರುತ್ತಿದ್ದರು. ಗುರುಪುತ್ರಪ್ಪನವರು ಮಾತ್ರ ಆಗದಿರುವುದನ್ನೇ ತ್ಯಾಗ ಎಂದು ಹೆಸರಿಟ್ಟು ಹೆಗಲಿಗೆ ಹಾಕಿಕೊಂಡರು. ಅವರೇನು ಹಿಂದೆ ಬೀಳುತ್ತಿರಲಿಲ್ಲ, ಹಿಂದೆ ಇರುತ್ತಿದ್ದರು.

ಅದು ಅವರಿಗೆ ಎಷ್ಟು ಬೇಕಾಗಿತ್ತು ಎಂದು ತಿಳಿಯಬೇಕಾದರೆ ಅವರ ಹಿಂದಿನ ವೈಭವ ತಿಳಿದಿರಬೇಕು. ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದವರು. ಮೂವತ್ತು ವರ್ಷ ಹುಡುಗರಿಗೆ ಹಲ್ಲುಚಕ್ರ, ಸರಪಳಿ, ಸನ್ನೆಕೋಲು ಕಲಿಸಿದವರು. ಆ ಮೂವತ್ತು ವರ್ಷದಲ್ಲಿ ಒಮ್ಮೆಯೂ 'ನನಗೆ ಗೊತ್ತಿಲ್ಲ' ಎಂದು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಗೊತ್ತಿರದಿದ್ದಾಗ 'ಅದನ್ನ ನಾಳೆ ನೋಡೂಣು, ಇವತ್ತು ಸಿಲ್ಯಾಬಸ್ ಮುಗಸೂದೈತಿ' ಎನ್ನುತ್ತಿದ್ದರು. ನಿವೃತ್ತಿಯಾದ ಮರುದಿನದಿಂದ ಅವರನ್ನು ಕೇಳುವವರು ಯಾರೂ ಇರಲಿಲ್ಲ. ರಾಮತೀರ್ಥ ನಗರದ ಮನೆಯಲ್ಲಿ ಹೆಂಡತಿ ಗಂಗಾದೇವಿ ಕೇಳುತ್ತಿದ್ದದ್ದು ಒಂದೇ, 'ಕಾಯಿಪಲ್ಯ ತರ್ತೀರೋ, ನಾನ ಹೋಗ್ಲ್ಯೋ?' ಇಂಥದ್ದರಲ್ಲಿ ಸೈಕಲ್ ಬಳಗ ಸಿಕ್ಕಿತು. ಅಲ್ಲಿ ಅವರು ಮತ್ತೆ ಸರ್ ಆದರು. ಬಳಗದ ಕ್ಯಾಪ್ಟನ್ ಅಭಿಜಿತ, ಟಿಳಕವಾಡಿಯಲ್ಲೇ ಹಲ್ಲಿನ ದವಾಖಾನೆ ಇಟ್ಟುಕೊಂಡ ಚಿಕ್ಕ ಪ್ರಾಯದ ಡಾಕ್ಟರು, ಚಹಾದ ಅಂಗಡಿಯಲ್ಲಿ ಎಲ್ಲರ ಎದುರಿಗೆ ಹೇಳುತ್ತಿದ್ದ, 'ಹಿಂದ ಸರ್ ಅದಾರ ಅಂತ ನಾವು ಮುಂದ ಬಿಂದಾಸ್ ಹೋಗ್ತೇವಿ.' ಆ ಒಂದು ಮಾತಿನ ಮೇಲೆ ಗುರುಪುತ್ರಪ್ಪನವರ ಇಡೀ ವಾರ ಸಾಗುತ್ತಿತ್ತು.

ಗಂಗಾದೇವಿಗೆ ಮಾತ್ರ ಸಂಶಯ.

'ಮಂದಿ ಎಲ್ಲಾ ಒಂಬತ್ತಕ್ಕ ಮನಿ ಸೇರ್ತಾರಂತ, ನೀವು ಹನ್ನೊಂದಕ್ಕ ಬರ್ತೀರಿ. ಅಷ್ಟೂ ಮಂದೀನ ಒಬ್ಬೊಬ್ರನ್ನ ಅವ್ರವ್ರ ಮನಿಗೆ ಮುಟ್ಟಿಸಿ ಬರ್ತೀರೇನು?'

'ಜವಾಬ್ದಾರಿ ಅಂದ್ರ ನಿನಗೇನ್ ತಿಳೀತದ' ಎಂದು ಗುರುಪುತ್ರಪ್ಪನವರು ಸ್ನಾನಕ್ಕೆ ಹೋಗಿಬಿಡುತ್ತಿದ್ದರು. ನೀರು ಬೀಳುವ ಸದ್ದಿನಲ್ಲಿ ಕೇಳಿಸದು ಎಂದು ಅಲ್ಲಿಯೇ ಸ್ವಲ್ಪ ನರಳುತ್ತಿದ್ದರು.

ಆದರೆ ಈ ಹುದ್ದೆಗೆ ಒಂದು ಷರತ್ತು ಇತ್ತು. ಕಾವಲಿಗೆ ಯಾರಾದರೂ ಬೇಕಲ್ಲ. ಹಿಂಗಾವಲಿನ ಮುಂದೆ ಒಬ್ಬರಾದರೂ ಅವರಿಗಿಂತ ನಿಧಾನದವರು ಇರಬೇಕು. ಇಲ್ಲದಿದ್ದರೆ ಅವರು ಹಿಂಗಾವಲಲ್ಲ, ಬರೀ ಕೊನೆಯವರು. ಮೊದಮೊದಲು ಆ ಉಪಕಾರ ಮಾಡಿದವನು ಕುಂದಾ ಮಿಠಾಯಿಯ ಅಂಗಡಿಯ ಸಂಜಯ. ತನ್ನ ಅಂಗಡಿಯ ಸರಕನ್ನು ದಿನವೂ ತಾನೇ ತಿಂದು ಪರೀಕ್ಷಿಸುವ ಪ್ರಾಮಾಣಿಕ ವ್ಯಾಪಾರಿ. ಅವನ ಹಿಂದೆ ಗುರುಪುತ್ರಪ್ಪನವರು ಎರಡು ವರ್ಷ ನೆಮ್ಮದಿಯಿಂದ ಸೈಕಲ್ ಹೊಡೆದರು. ಒಂದು ದಿನ ಆ ಪುಣ್ಯಾತ್ಮ 'ಈ ಗುಡ್ಡದ ಸಹವಾಸ ಸಾಕ್ರಿ' ಎಂದು ಕೇರಂ ಆಡಲು ಹೋಗಿಬಿಟ್ಟ. ಬಳಗದ ಉಳಿದವರು 'ಪಾಪ ಸಂಜಯ' ಎಂದು ಒಂದು ಮಾತು ಆಡಿ ಸುಮ್ಮನಾದರು. ಗುರುಪುತ್ರಪ್ಪನವರಿಗೆ ಮಾತ್ರ ರಾತ್ರಿ ಊಟ ಸೇರಲಿಲ್ಲ. ಮುಂದಿನ ಎರಡು ರವಿವಾರ ಒಮ್ಮೆ ಬೀಗರ ಮನೆಯ ವಾಸ್ತುಶಾಂತಿ, ಇನ್ನೊಮ್ಮೆ ಸೊಂಟ ಹಿಡಿದಿದೆ ಎಂದು ಹೇಳಿ ತಪ್ಪಿಸಿಕೊಂಡರು. ಇನ್ನೇನು ನೆಪಗಳೂ ಮುಗಿಯುತ್ತಿದ್ದವು, ಆಗ ಬಂದರು ಮುಕ್ತಾ.

ಮುಕ್ತಾ ಹಿಂಡಲಗಾದವರು. ವಿಮಾ ಕಚೇರಿಯಲ್ಲಿ ಕೆಲಸ, ವಯಸ್ಸು ನಲವತ್ತೈದು ದಾಟಿದ್ದೀತು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೆದರಿಸಿದ್ದಕ್ಕೆ ಸೈಕಲ್ ಕೊಂಡವರು. ಮೊದಲನೇ ರವಿವಾರ ಕಿಣಯೆಯ ಏರಿನಲ್ಲಿ ಅವರ ಕಾಲು ಸೋತಿತು. ಉಳಿದವರೆಲ್ಲ 'ಕಮಾನ್ ಮೇಡಂ, ಆಗ್ತದ, ಆಗ್ತದ' ಎಂದು ಧೈರ್ಯ ಹೇಳುತ್ತ ಹೇಳುತ್ತಲೇ ತಿರುವಿನಲ್ಲಿ ಮಾಯವಾದರು. ಮುಕ್ತಾ ಇಳಿದು ಸೈಕಲ್ ತಳ್ಳಿಕೊಂಡು ನಡೆದರು. ಹಿಂದಿನಿಂದ ಗುರುಪುತ್ರಪ್ಪನವರು ಬಂದರು. ಅವರ ಕಣ್ಣಿಗೆ ಆಗ ಕತ್ತಲೆ ಬರುತ್ತಿತ್ತು. ಆದರೂ ಇಳಿದರು. ಇಳಿದದ್ದು ಇಳಿಯದೆ ಬೇರೆ ದಾರಿ ಇಲ್ಲದ್ದರಿಂದ. ಆದರೆ ಬಾಯಿಂದ ಬಂದ ಮಾತು ಬೇರೆ.

'ಬಾಯಾರ, ಗಾಬರಿ ಆಗಬ್ಯಾಡ್ರಿ. ನಿಮ್ಮನ್ನ ಬಿಟ್ಟು ನಾ ಎಲ್ಲಿ ಹೋಗಾಂವ?'

ಖರೇ ಮಾತು. ಎಲ್ಲಿಗೂ ಹೋಗುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಮುಕ್ತಾರ ಕಣ್ಣಲ್ಲಿ ಮಾತ್ರ ನೀರು ಬಂತು. 'ಎಷ್ಟು ದೊಡ್ಡ ಮನಸ್ಸರಿ ಸರ್ ನಿಮ್ದು' ಎಂದರು. ಗುರುಪುತ್ರಪ್ಪನವರು 'ಇರ್ಲಿ ಬಿಡ್ರಿ' ಎಂದು ಕೈ ಆಡಿಸಿ ಆ ದೊಡ್ಡ ಮನಸ್ಸನ್ನು ಅಲ್ಲಿಯೇ ಸ್ವೀಕರಿಸಿದರು.

ಆಮೇಲೆ ಮೂರು ತಿಂಗಳು ಸ್ವರ್ಗ. ಮುಂದೆ ಮುಕ್ತಾ, ಹಿಂದೆ ಗುರುಪುತ್ರಪ್ಪನವರು. ದಾರಿಯುದ್ದಕ್ಕೂ ಉಪದೇಶ. ಉಸಿರು ಹೇಗೆ ತೆಗೆದುಕೊಳ್ಳಬೇಕು, ನೀರು ಯಾವಾಗ ಕುಡಿಯಬೇಕು, ನಾಯಿ ಬೆನ್ನು ಹತ್ತಿದರೆ ಅದರ ಜೊತೆ ಯಾವ ಧ್ವನಿಯಲ್ಲಿ ಮಾತಾಡಬೇಕು. ಮುಕ್ತಾ ಹೂಂಗುಟ್ಟುತ್ತ ಕೇಳಿಕೊಳ್ಳುತ್ತಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಕೂಡ ಇಷ್ಟು ಶ್ರದ್ಧೆಯ ವಿದ್ಯಾರ್ಥಿ ಅವರಿಗೆ ಸಿಕ್ಕಿರಲಿಲ್ಲ.

ಆದರೆ ಶ್ರದ್ಧೆಯ ವಿದ್ಯಾರ್ಥಿಗಳ ಜೊತೆ ಒಂದು ತೊಂದರೆ ಇದೆ, ಅವರು ಕಲಿತುಬಿಡುತ್ತಾರೆ. ಮಳೆಗಾಲದ ಹೊತ್ತಿಗೆ ಒಂದು ಮುಂಜಾನೆ ಮುಕ್ತಾ ಕಿಣಯೆಯ ಏರನ್ನು ಇಳಿಯದೆ ಹತ್ತಿದರು. ಹತ್ತಿ, ಮೇಲೆ ನಿಂತು, ನಗುತ್ತ ಹಿಂದಕ್ಕೆ ನೋಡಿದರು. ಗುರುಪುತ್ರಪ್ಪನವರು ಇನ್ನೂ ಅರ್ಧದಲ್ಲಿದ್ದರು. 'ಶಾಬಾಸ್' ಎಂದು ಕೂಗಲು ಬಾಯಿ ತೆರೆದರು. ಬರೀ ಗಾಳಿ ಬಂತು.

ಆ ದಿನ ಮನೆಗೆ ಬಂದವರೇ ಯೋಚನೆಗೆ ಬಿದ್ದರು. ಹೀಗೇ ಬಿಟ್ಟರೆ ದಸರಾದೊಳಗೆ ಈ ಬಾಯಾರು ಮುಂದಿನವರ ಜೊತೆ ಸೇರಿಬಿಡುತ್ತಾರೆ. ಆಗ ಕಿತ್ತಳೆ ಅಂಗಿಯ ಮೇಲೆ ಏನು ಬರೆಸಿಕೊಳ್ಳುವುದು? ಅಭಿಜಿತ ಬಾಯಿಬಿಟ್ಟು ಏನೂ ಅನ್ನಲಿಕ್ಕಿಲ್ಲ, ಸಂಭಾವಿತ ಮನುಷ್ಯ. 'ಸರ್, ನೀವು ನಾಳಿಂದ ಆರಾಮ ಸಪಾಟ ರಸ್ತೇದಾಗ ಹೊಡೀರಿ' ಎಂದು ಮಾತಿಗೆ ಬೆಣ್ಣೆ ಹಚ್ಚಿ ಹೇಳಿಯಾನು. ಅಂಥ ಬೆಣ್ಣೆಯ ಮಾತುಗಳಿಗೇ ಗುರುಪುತ್ರಪ್ಪನವರು ಹೆದರುತ್ತಿದ್ದದ್ದು.

ಮುಂದಿನ ರವಿವಾರ ಅವರು ಮುಕ್ತಾರ ಸೈಕಲನ್ನು ಸುತ್ತ ತಿರುಗಿ ನೋಡಿ, ಹುಬ್ಬು ಗಂಟಿಕ್ಕಿದರು.

'ಬಾಯಾರ, ಈ ಸೀಟು ಯಾರು ಏರಿಸಿದ್ರು? ಕುಂತಾಗ ಎರಡೂ ಪಾದ ನೆಲಕ್ಕ ಪೂರಾ ಹತ್ತಬೇಕು. ಇಲ್ಲಾಂದ್ರ ಬಿದ್ದು ಹಲ್ಲು ಮುರ್ಕೋತೀರಿ.'

ಹಾಗೆಂದು ಚೀಲದಿಂದ ಪಾನಾ ತೆಗೆದು ಸೀಟನ್ನು ಒಂದು ಗೇಣು ಕೆಳಗಿಳಿಸಿದರು. ತುಳಿಯುವಾಗ ಕಾಲು ನೆಟ್ಟಗಾಗದಷ್ಟು ಸೀಟು ತಗ್ಗಿದ್ದರೆ ಅರ್ಧ ಬಲ ಹಾಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇಳಿಸಿದರು. ಒಳಗೆ ಮನಸ್ಸು ಚುರ್ ಎಂದಿತು, ಇಲ್ಲವೆನ್ನಲಾರೆ. 'ಸುರಕ್ಷತೆ ಮೊದಲು' ಎಂದು ಅದಕ್ಕೂ ಒಂದು ಪಟ್ಟಿ ಕಟ್ಟಿ ಸುಮ್ಮನಾಗಿಸಿದರು.

ಸೀಟು ತನ್ನ ಕೆಲಸ ಮಾಡಿತು, ಸ್ವಲ್ಪ ಜಾಸ್ತಿಯೇ ಮಾಡಿತು. ಮುಕ್ತಾರ ಮೊಣಕಾಲು ನೋಯತೊಡಗಿತು. ಒಂದು ರವಿವಾರ ಬರಲೇ ಇಲ್ಲ. ಅಂದು ಗುರುಪುತ್ರಪ್ಪನವರು ಇಡೀ ದಾರಿ ಒಬ್ಬರೇ, ಚಹಾದ ಅಂಗಡಿ ತಲುಪಿದಾಗ ಎಲ್ಲರೂ ಎದ್ದು ಕೈ ತೊಳೆಯುತ್ತಿದ್ದರು.  ಅಭಿಜಿತನ 'ಹಿಂದ ಸರ್ ಅದಾರ' ಎಂಬ ಮಾತು ಅವತ್ತು ಬರಲಿಲ್ಲ. ಮನೆಗೆ ಬಂದು ಮುಕ್ತಾರಿಗೆ ಫೋನ್ ಮಾಡಿದರು. ಎಷ್ಟು ಕಾಳಜಿ ಅಂತೀರಿ, ಯಾವ ಎಣ್ಣೆ ಹಚ್ಚಬೇಕು, ಯಾವ ಕಾಲು ಮೊದಲು ಮಡಚಬೇಕು ಎಲ್ಲ ಹೇಳಿದರು. ಓಡದಂತೆ ನೋಡಿಕೊಳ್ಳಬೇಕು, ಆದರೆ ಕೂತುಬಿಡದಂತೆಯೂ ನೋಡಿಕೊಳ್ಳಬೇಕು. ವಿಭಾಗ ನಡೆಸಿದವರಿಗೇ ಇಂಥ ನಾಜೂಕು ಕೆಲಸ ಬರುವುದು.

ಮುಕ್ತಾ ಮರಳಿ ಬಂದರು. ಸೀಟು ಮಾತ್ರ ಮೊದಲಿನ ಎತ್ತರಕ್ಕೆ ಏರಿತ್ತು.

'ಎಲುವಿನ ಡಾಕ್ಟರು ಏರಸಂದ್ರು ಸರ್. ಸಿಟ್ಟಿಲ್ಲಲಾ?'

'ಏ, ನನಗ್ಯಾಕ ಸಿಟ್ಟು' ಎಂದ ಗುರುಪುತ್ರಪ್ಪನವರು ಅವತ್ತೇ ಕಿಣಯೆಯ ಏರಿನಲ್ಲಿ ಎರಡನೇ ಮದ್ದು ತೆಗೆದರು. 'ಸೀಟು ಇರ್ಲಿ. ಗೇರು ಹೆಂಗ ಹಾಕ್ತೀರಿ? ಸರಪಳಿ ಸಣ್ಣ ಹಲ್ಲುಚಕ್ರಕ್ಕ ಹಾಕಿ ಭರಭರ ತಿರುವೂದು ಹುಡುಗರ ಆಟ. ಏರಿನ್ಯಾಗ ಮುಂದಿನ ದೊಡ್ಡ ಚಕ್ರದಾಗನ ತುಳೀರಿ. ಮೊದಲ ತ್ರಾಸ ಆಗ್ತದ, ಆದ್ರ ಕಾಲಿಗೆ ಕಸುವು ಬರ್ತದ.'

ಏರಿನಲ್ಲಿ ದೊಡ್ಡ ಚಕ್ರದಲ್ಲಿ ತುಳಿಯುವುದೆಂದರೆ ಬಾವಿಯಿಂದ ನೀರಿನ ಬದಲು ಬಾವಿಯನ್ನೇ ಎತ್ತಿದಂತೆ. ಇದನ್ನು ಮೊದಲ ವರ್ಷದ ಹುಡುಗನಿಗೂ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ ಮಹನೀಯರು ಇವರೇ. ಮುಕ್ತಾ ತಲೆ ಆಡಿಸಿದರು. ಅವತ್ತಿನಿಂದ ಅವರ ವೇಗ ಮತ್ತೆ ಇಳಿಯಿತು. ಪ್ರತಿ ಏರಿನಲ್ಲೂ ಗುರುಪುತ್ರಪ್ಪನವರ ಒಂದು ಮಾರು ಮುಂದೆ, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆ ಇಲ್ಲ. ಗಣಪತಿ ಹಬ್ಬ ಬಂತು, ಹೋಯಿತು, ದಸರಾ ಮುಗಿಯಿತು. ಮದ್ದು ಚೆನ್ನಾಗಿ ಹತ್ತಿದೆ ಎಂದು ಗುರುಪುತ್ರಪ್ಪನವರು ನಿಶ್ಚಿಂತರಾದರು. ಯಾಂತ್ರಿಕ ಶಾಸ್ತ್ರದ ಮೇಲೆ ಅವರಿಗೆ ಇದ್ದ ಗೌರವ ಇನ್ನಷ್ಟು ಹೆಚ್ಚಿತು.

ಮಳೆ ಪೂರ್ತಿ ನಿಂತ ಮೇಲೆ ಅಭಿಜಿತ ವರ್ಷದ ದೊಡ್ಡ ಸವಾರಿ ಸಾರಿದ. ಟಿಳಕವಾಡಿಯಿಂದ ಜಾಂಬೋಟಿ, ಅಲ್ಲಿಂದ ಕಾಡಿನ ದಾರಿ ಹಿಡಿದು ಖಾನಾಪುರ, ಖಾನಾಪುರದಲ್ಲಿ ಮಿಸಳ್ ತಿಂದು ಹೆದ್ದಾರಿಯಿಂದ ವಾಪಸು. ಗುರುಪುತ್ರಪ್ಪನವರು ಹಿಂದಿನ ದಿನವೇ ಚೀಲ ತುಂಬಿದರು. ಪಂಪು, ಟ್ಯೂಬು, ಹತ್ತಿ, ಪಟ್ಟಿ, ಅಯೋಡಿನ್, ಗ್ಲೂಕೋಸಿನ ಪುಡಿ. ಗಂಗಾದೇವಿ ಬಾಗಿಲಲ್ಲಿ ನಿಂತು ನೋಡಿದರು.

'ಇಷ್ಟೆಲ್ಲಾ ಹೊತ್ತು ಏರು ಹತ್ತೂದಕ್ಕ ನಿಮ್ಮ ಹಿಂದ ಯಾರರೆ ಬ್ಯಾಡೇನು?'

'ನನ್ನ ಹಿಂದ ಯಾರೂ ಇರೂದಿಲ್ಲ, ಅದಕ್ಕ ನಾ ಹಿಂಗಾವಲು' ಎಂದರು ಗುರುಪುತ್ರಪ್ಪನವರು, ಘನತೆಯಿಂದ.

ಬೆಳಗಿನ ಮಂಜು ಇನ್ನೂ ಗದ್ದೆಗಳ ಮೇಲಿರುವಾಗಲೇ ಕಿಣಯೆ ದಾಟಿದರು. ಮುಂದೆ ರಸ್ತೆ ಎರಡೂ ಬದಿಯ ಮರಗಳ ನಡುವೆ ಮೇಲೇರುತ್ತದೆ, ಒಂದು ತಿರುವು ಮುಗಿಯಿತು ಎನ್ನುವಾಗ ಇನ್ನೊಂದು ಕಾದಿರುತ್ತದೆ. ಮುಂದಿನವರು ಎಂದಿನಂತೆ ಕಣ್ಮರೆ. ಹಿಂದೆ ಇವರಿಬ್ಬರು. ಗುರುಪುತ್ರಪ್ಪನವರು ಒಂದು ವಾಕ್ಯದಲ್ಲಿ ನಾಲ್ಕು ಸಲ ನಿಲ್ಲುತ್ತ, ಬ್ರಿಟಿಷರ ಕಾಲದಲ್ಲಿ ಈ ರಸ್ತೆಯ ಇಳಿಜಾರನ್ನು ಹೇಗೆ ಲೆಕ್ಕ ಹಾಕಿದ್ದಿರಬೇಕು ಎಂದು ವಿವರಿಸುತ್ತಿದ್ದರು. ಆಗ ಮುಕ್ತಾರ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಮಾತಾಡಿದ್ದು ಮುಂದಿನ ಗುಂಪಿನ ಅಮರ.

'ಮೇಡಂ, ಸರ್ ಬಾಜೂಕ ಅದಾರೇನು? ಏರು ಮುಗಿದು ಇಳಕಲಿನ್ಯಾಗ ಅಭಿಜಿತಗ ಎಮ್ಮಿ ಅಡ್ಡ ಬಂತು. ಬಿದ್ದಾನ. ಮೊಳಕೈ ಹರದೈತಿ, ರಕ್ತ ನಿಲ್ಲವಲ್ತು. ಔಷಧದ ಚೀಲ ಲಗೂನ ಕಳಸ್ರಿ.'

ಹಿಂಗಾವಲಿನ ಜೀವನದಲ್ಲಿ ಇಂಥ ಗಳಿಗೆ ಬರುವುದು ಒಂದೇ ಸಲ. ಗುರುಪುತ್ರಪ್ಪನವರು 'ನಾ ಬಂದೆ' ಎಂದರು. ಹ್ಯಾಂಡಲ್ಲಿನ ಮೇಲೆ ಬಗ್ಗಿ, ಹಲ್ಲು ಕಚ್ಚಿ, ಒಂದಷ್ಟು ದೂರ ನಿಜವಾಗಿಯೂ ಜೋರಾಗಿ ತುಳಿದರು. ಒಂದು ಹುಣಸೆ ಮರ ದಾಟಿದರು. ಎರಡನೇ ಮರದ ಹತ್ತಿರ ಎದೆ ಬಡಿತ ಕಿವಿಯಲ್ಲಿ ಕೇಳಿಸಿತು. ಮೂರನೇ ಮರದ ಹತ್ತಿರ ಕಾಲು ನೆಲಕ್ಕೆ ಬಂತು. ಅವರು ಇಳಿಸಿದ್ದಲ್ಲ, ಅದಾಗಿಯೇ ಬಂತು.

ಮುಕ್ತಾ ಪಕ್ಕದಲ್ಲಿ ಬಂದು ನಿಂತರು. ಅವರ ಉಸಿರು ಬಾಗೇವಾಡಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರ ಉಸಿರಿನಷ್ಟು ಶಾಂತವಾಗಿತ್ತು.

'ಸರ್, ಚೀಲ ಇಲ್ಲೆ ಕೊಡ್ರಿ.'

'ಬ್ಯಾಡ್ರಿ... ನಾ... ಒಂದ್ ನಿಮಿಷ...'

'ಸರ್, ಕೊಡ್ರಿ' ಎಂದರು ಮುಕ್ತಾ. ಕಚೇರಿಯಲ್ಲಿ ಕಾಗದ ಸರಿಯಿಲ್ಲದವರಿಗೆ ಹೇಳುವ ಧ್ವನಿ. ಗುರುಪುತ್ರಪ್ಪನವರು ಬೆನ್ನಿನಿಂದ ಚೀಲ ಇಳಿಸಿ ಕೊಟ್ಟರು.

ಮುಕ್ತಾ ಹೊರಟರು. ಎರಡು ಸಲ ಟಕ್ ಟಕ್ ಎಂದು ಗೇರು ಬಿದ್ದ ಸದ್ದು. ಸರಪಳಿ ದೊಡ್ಡ ಚಕ್ರದಿಂದ ಸಣ್ಣ ಚಕ್ರಕ್ಕೆ ಇಳಿಯಿತು. ಕಾಲುಗಳು ಹಗುರವಾಗಿ ತಿರುಗತೊಡಗಿದವು. ತಿರುವಿನಲ್ಲಿ ಸೀಟಿನಿಂದ ಎದ್ದು ನಿಂತು ಎಡಕ್ಕೆ ಬಲಕ್ಕೆ ವಾಲುತ್ತ ಹತ್ತಿದರು. ಅದು ಇವತ್ತು ನಿನ್ನೆ ಕಲಿತದ್ದಲ್ಲ ಎಂದು ಮೂವತ್ತು ವರ್ಷ ಯಂತ್ರ ನೋಡಿದ ಕಣ್ಣಿಗೆ ತಿಳಿಯದೆ ಹೋದೀತೇ? ಮರಗಳ ನಡುವೆ ಮುಕ್ತಾರ ಹಸಿರು ಅಂಗಿ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ.

ಗುರುಪುತ್ರಪ್ಪನವರು ರಸ್ತೆಯ ಬದಿಗೆ ನಿಂತರು. ಸುತ್ತ ಒಂದು ನರಪಿಳ್ಳೆ ಇಲ್ಲ. ಇಷ್ಟು ತಿಂಗಳು ತಾವು ಒಬ್ಬರನ್ನು ಹಿಂದೆ ಹಿಡಿದಿಟ್ಟಿದ್ದೇವೆ ಎಂದು ತಿಳಿದಿದ್ದರಲ್ಲ, ಆ ಒಬ್ಬರು ತಾವಾಗಿ ನಿಂತಿದ್ದರು. ಸೀಟಿನಿಂದಲ್ಲ, ಗೇರಿನಿಂದಲ್ಲ. ನಿಲ್ಲಬೇಕೆಂದು ನಿಂತಿದ್ದರು. ಇದು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಸಿಯಾಯಿತು, ನಾಚಿಕೆಯಿಂದ ಕುತ್ತಿಗೆಯವರೆಗೂ ಬಿಸಿಯಾಯಿತು. ಹಾಲಿನ ಟೆಂಪೋ ಒಂದು ಬಂದು ನಿಧಾನಿಸಿತು. 'ಕಾಯ್ ಕಾಕಾ, ಬಸ್ತಾ ಕಾ?' ಎಂದು ಚಾಲಕ ಮರಾಠಿಯಲ್ಲಿ ಹತ್ತಲು ಕರೆದ. ಹಾಲಿನ ಕ್ಯಾನುಗಳ ನಡುವೆ ಕೂತು ಬಳಗದ ಎದುರಿಗೆ ಇಳಿಯುವ ದೃಶ್ಯ ಅವರ ಕಣ್ಮುಂದೆ ಬಂತು. 'ನಕೋ' ಎಂದರು. ಉಳಿದ ಏರನ್ನು ಅರ್ಧ ತುಳಿದು, ಅರ್ಧ ತಳ್ಳಿ ಮುಗಿಸಿದರು.

ಅವರು ತಲುಪುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ಅಭಿಜಿತ ಮೋರಿಯ ಕಟ್ಟೆಯ ಮೇಲೆ ಮೊಣಕೈಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಕೂತಿದ್ದ. ಎಮ್ಮೆ ಆಚೆ ಬದಿಯಲ್ಲಿ ಹುಲ್ಲು ಮೇಯುತ್ತಿತ್ತು, ಅದಕ್ಕೇನೂ ಆಗಿರಲಿಲ್ಲ. ಬಳಗವೆಲ್ಲ ಮುಕ್ತಾರ ಸುತ್ತ ನಿಂತಿತ್ತು.

'ಮೇಡಂ, ಈ ಏರು ನಾನೂ ಇಷ್ಟು ಲಗೂ ಹತ್ತಿಲ್ಲ' ಎನ್ನುತ್ತಿದ್ದ ಅಮರ. 'ಇಷ್ಟ ದಿನ ಹಿಂದ ಯಾಕ ಉಳೀತಿದ್ರಿ?'

ಗುರುಪುತ್ರಪ್ಪನವರು ಸೈಕಲ್ ಹಿಡಿದುಕೊಂಡು ಅಲ್ಲಿಯೇ ನಿಂತುಬಿಟ್ಟರು. ಇನ್ನೊಂದು ಮಾತು ಬಂದರೆ ಮೂರು ವರ್ಷದ ಮರ್ಯಾದೆ ಜಾಂಬೋಟಿಯ ಮೋರಿಯಲ್ಲಿ ಹರಿದುಹೋಗುತ್ತಿತ್ತು. ಮುಕ್ತಾ ಅವರನ್ನು ನೋಡಿದರು.

'ಸರ್ ಜೋಡಿ ಮಾತಾಡ್ಕೋತ ಬಂದ್ರ ದಾರಿ ಸವದಿದ್ದ ಗೊತ್ತಾಗೂದಿಲ್ರಿ. ನೀವು ಮುಂದ ಹೋಗಾವ್ರು ಒಬ್ರ ಜೋಡಿ ಒಬ್ರು ಮಾತು ಆಡ್ತೀರೇನು?'

ಎಲ್ಲರೂ ನಕ್ಕರು. ಅಭಿಜಿತ ಕಟ್ಟೆಯಿಂದಲೇ, 'ಸರ್, ಔಷಧ ಎಲ್ಲಾ ಎಷ್ಟು ಸಿಸ್ತೀಲೆ ಇಟ್ಟಿದ್ರಿ' ಎಂದ. ಗುರುಪುತ್ರಪ್ಪನವರು 'ಇರ್ಲಿ ಬಿಡ್ರಿ' ಎಂದು ಕೈ ಆಡಿಸಲು ಹೋದರು, ಕೈ ಅರ್ಧಕ್ಕೇ ನಿಂತಿತು.

ಅಭಿಜಿತನನ್ನು ದಾರಿಯಲ್ಲಿ ಸಿಕ್ಕ ಒಂದು ಜೀಪಿನಲ್ಲಿ ಖಾನಾಪುರದ ದವಾಖಾನೆಗೆ ಕಳಿಸಿದರು. ಉಳಿದವರು ಮಿಸಳ್ ತಣ್ಣಗಾಗುತ್ತದೆ ಎಂಬ ಕಾಳಜಿಯಲ್ಲಿ ಅದರ ಹಿಂದೆಯೇ ಓಡಿದರು. ಜಾಂಬೋಟಿ ದಾಟಿ ಕಾಡಿನ ರಸ್ತೆಗೆ ಬಂದಾಗ ಮತ್ತೆ ಇವರಿಬ್ಬರೇ. ಮುಕ್ತಾ ಪಕ್ಕದಲ್ಲಿ ಬರುತ್ತಿದ್ದರು. ಸರಪಳಿ ಮತ್ತೆ ದೊಡ್ಡ ಚಕ್ರದ ಮೇಲೆ ಇತ್ತು. ಗುರುಪುತ್ರಪ್ಪನವರು ಇವತ್ತು ಉಪದೇಶಕ್ಕೆ ಹೋಗದೆ ಅದನ್ನೇ ನೋಡುತ್ತ ಬಂದರು. ಕೊನೆಗೆ ಅವರೇ ಕೇಳಿದರು.

'ಯಾವಾಗಿಂದ?'

'ಗಣಪತಿ ಹಬ್ಬದ ಮೊದಲಿಂದಾನ ಹಿಂಗ ಏರು ಹತ್ತಾಕ ಬರಾಕತ್ತೈತ್ರಿ' ಎಂದರು ಮುಕ್ತಾ, ಬಚ್ಚಿಡದೆ. 'ವಾರದಾಗ ಎರಡ ದಿವಸ ಒಬ್ಬಾಕಿನ ಬರ್ತೀನಿ ಈ ಕಡೆ.'

'ಮತ್ತ ರವಿವಾರ?'

'ರವಿವಾರ ನಿಮ್ಮ ಜೋಡಿ.' ಒಂದು ಗುಂಡಿ ತಪ್ಪಿಸಿ ಮತ್ತೆ ಪಕ್ಕಕ್ಕೆ ಬಂದರು. 'ನಾ ಬಂದ ಮೊದಲ್ನೇ ದಿನ ಎಲ್ಲಾರೂ ಬಿಟ್ಟ ಹೋದ್ರು, ನೀವೊಬ್ರ ಇಳದು ನನ್ನ ಬಾಜೂಕ ನಡದ್ರಿ. ನಾ ಅವತ್ತ ಮನಿಗೆ ಹೋಗಿ ಸೈಕಲ್ ಮಾರಾಕಿ ಇದ್ದೆ, ನಿಮ್ಮ ಸಲವಾಗಿ ಮಾರಲಿಲ್ಲ. ಆಮ್ಯಾಲ ನೋಡೀನಿ, ಏರು ನಿಮಗೂ ಭಾಳ ತ್ರಾಸ. ಅಷ್ಟ ತ್ರಾಸ ಇದ್ರೂ ಅವತ್ತ ನನ್ನ ಧೈರ್ಯಕ್ಕ ನಿಂತ್ರಲ್ಲ. ನಿಮ್ಮನ್ನ ಹೆಂಗ ಬಿಟ್ಟು ಹೋಗ್ಲಿ ನಾ?'

ಗುರುಪುತ್ರಪ್ಪನವರು ರಸ್ತೆಯನ್ನೇ ನೋಡುತ್ತಿದ್ದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅದರಲ್ಲಿ ಅವರು ಎತ್ತಿದ ಕೈ. ಈ ಪ್ರೀತಿಯ ಎದುರು ಆ ಕೈ ಹ್ಯಾಂಡಲ್ ಹಿಡಿದುಕೊಂಡೇ ಉಳಿಯಿತು.

'ಸರ್, ಒಂದು ಮಾತು. ಸಿಟ್ಟಾಗಬ್ಯಾಡ್ರಿ.'

'ಹೇಳ್ರಿ.'

'ಮುಂದ ಯಾರರೆ ಹೊಸಾಬ್ರು ಬಂದ್ರ, ಆ ಸೀಟಿಂದು, ಆ ಗೇರಿಂದು ಹೇಳಾಕ ಹೋಗಬ್ಯಾಡ್ರಿ. ನನ್ನ ಮೊಳಕಾಲಿನ ಚಿಪ್ಪು ಸವದು ಹೋಗೂದಿತ್ತಂತ. ಆಮ್ಯಾಲ ಮತ್ತ ತೋರಿಸಿಕೊಳ್ಳಾಕ ಹೋದಾಗ ಡಾಕ್ಟರು ಗೇರಿಂದೂ ಕೇಳಿದ್ರು, ಯಾರು ಹೇಳಿದ್ರು ಇದನ್ನ ಅಂತ. ಮಶಿನು ತಿಳದಾವ್ರು ಅದಾರ, ಕಾಲೇಜಿನ್ಯಾಗ ಇದನ್ನ ಕಲಿಸ್ಯಾರ ಅಂತ ಹೇಳಿದ್ನಿ. ತಿಳದಾವ್ರು ಹಿಂಗ ಹೇಳಿದ್ರ ಬೇಕಂತನ ಹೇಳ್ಯಾರ ನೋಡ್ರಿ ಅಂದ್ರು.'

 ಗುರುಪುತ್ರಪ್ಪನವರ ಸೈಕಲ್ ಒಮ್ಮೆ ಗಕ್ಕನೆ ನಿಂತು ಮತ್ತೆ ಹೊರಟಿತು.

'ನಾ ಅವ್ರ ಜೋಡಿ ಜಗಳಾನ ಆಡಿದೆ' ಎಂದರು ಮುಕ್ತಾ. 'ನಮ್ಮ ಸರ್ ಅಂಥಾವ್ರಲ್ಲ, ಪುಸ್ತಕದಾಗಿನ ಗೇರು ಬ್ಯಾರೆ, ಸೈಕಲ್ಲಿನ ಗೇರು ಬ್ಯಾರೆ, ಪಾಪ ಅವ್ರಿಗೆ ಗೊತ್ತಿಲ್ಲ ಅಂದ್ನಿ.' ಆಮೇಲೆ ತಲೆ ತಿರುಗಿಸಿ ನೇರವಾಗಿ ಅವರ ಮುಖ ನೋಡಿದರು. 'ಹೌದಲ್ರಿ ಸರ್? ನಿಮಗ ಗೊತ್ತಿರ್ಲಿಲ್ಲ?'

ಆ ನೋಟದಲ್ಲಿ ನಂಬಿಕೆ ಇತ್ತೋ, ಪ್ರಶ್ನೆಯೇ ಇತ್ತೋ, ಗುರುಪುತ್ರಪ್ಪನವರಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು. ಗೊತ್ತಿತ್ತು ಎಂದರೆ ತಾವು ಎಂಥವರು ಎಂಬುದು ಈ ಹೆಂಗಸಿಗೆ ಇವತ್ತೇ ಗೊತ್ತಾಗುತ್ತದೆ. ಗೊತ್ತಿರಲಿಲ್ಲ ಎಂದರೆ ಮೂವತ್ತು ವರ್ಷದ ಕರಿಹಲಗೆ, ಸೀಮೆಸುಣ್ಣ, ವಿಭಾಗದ ಬಾಗಿಲ ಮೇಲಿನ ಹಿತ್ತಾಳೆಯ ಹೆಸರಿನ ಫಲಕ ಎಲ್ಲ ಹೋಗುತ್ತದೆ. 

'ಹೌದ್ರಿ ಬಾಯಾರ' ಎಂದರು. 'ನನಗ ಗೊತ್ತಿರ್ಲಿಲ್ಲ.'

ಮುಕ್ತಾ ನಿರಾಳವಾಗಿ ಉಸಿರು ಬಿಟ್ಟರು. 'ನಾ ಹೇಳಿದ್ದ ಖರೇ ಆತು. ಬರ್ರಿ ಹಂಗಾರ, ನಾ ಹೇಳಿಕೊಡ್ತೀನಿ. ಇದರಾಗ ನಾಚಿಕಿ ಏನೈತಿ?' ಎಂದು ತಮ್ಮ ಸೈಕಲನ್ನು ಅವರ ಸೈಕಲಿನ ಇನ್ನಷ್ಟು ಹತ್ತಿರಕ್ಕೆ ತಂದು, ಒಂದು ಕೈಯಿಂದ ಕೆಳಗೆ ತೋರಿಸಿದರು. 'ನೋಡ್ರಿ ಸರ್. ಮುಂದ ಎರಡು ಚಕ್ರ ಅದಾವ. ಇದು ದೊಡ್ಡದು, ಇದು ಸಣ್ಣದು. ಏರು ಬಂತಂದ್ರ ಸರಪಳಿ ಸಣ್ಣದರ ಮ್ಯಾಲ ಬರಬೇಕು. ಅವಾಗ ಕಾಲು ಜಾಸ್ತಿ ಸಲ ತಿರಗ್ತದ, ಆದ್ರ ಭಾರ ಕಮ್ಮಿ ಬೀಳ್ತದ. ತಿಳೀತೇನ್ರಿ?'

ಗುರುಪುತ್ರಪ್ಪನವರು ಬಗ್ಗಿ, ಬಹಳ ಗಮನವಿಟ್ಟು ನೋಡಿದರು.

'ಯಾವುದು ಸಣ್ಣದಂದ್ರಿ?' ಎಂದು ಕೇಳಿದರು.